ಡ್ರೈಯರ್ ಬಿಸಿ ಏರುತ್ತಿಲ್ಲವೇ? ಫೋನ್ ಕೆಳಗಿಡಿ, ಬೂದಿ ನೋಡಿ

ಮಳೆಗಾಲದಲ್ಲಿ ಏಲಕ್ಕಿ ಕೊಯ್ಲು ಶುರುವಾದರೆ ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಒಂದೇ ಥರ. "ಅಣ್ಣಾ, ಆ್ಯಪ್‌ನಲ್ಲಿ 50 ಇಟ್ಟಿದ್ದೀನಿ, ಡ್ರೈಯರ್ 38ಕ್ಕೇ ನಿಂತಿದೆ. 60ಕ್ಕೆ ಏರಿಸ್ಲಾ?" ಬೇಡ. ಅದೊಂದು ಕೆಲಸ ಮಾತ್ರ ಮಾಡಬೇಡಿ.

ಪೆಲೆಟ್ ಉರಿಸಿ ಬಿಸಿಗಾಳಿ ಕೊಡುವ, ವೈಫೈ ಮೂಲಕ ಫೋನಿಗೆ ಜೋಡಿಸುವ ಡ್ರೈಯರ್‌ಗಳು ಈಗ ಮಲೆನಾಡಿನ ತೋಟಗಳಿಗೂ ಬಂದಿವೆ. ನಮ್ಮ ಶೆಡ್‌ನಲ್ಲೂ ಒಂದಿದೆ. ಏಲಕ್ಕಿ, ಕಾಳುಮೆಣಸು, ಬಾಳೆಹಣ್ಣಿನ ಸುಕೇಳಿ ಎಲ್ಲ ಅದರಲ್ಲೇ. ಇದನ್ನು ನಾನು ವಿರೋಧಿಸುವವನಲ್ಲ. ಸೌದೆ ಒಲೆಯ ಕಾಲದಲ್ಲಿ ಒಬ್ಬರು ರಾತ್ರಿಯಿಡೀ ಕೂತು ಕೊಳ್ಳಿ ಸರಿಸಬೇಕಿತ್ತು. ಅವರಿಗೆ ಒಂದು ಗಂಟೆ ನಿದ್ದೆ ಹತ್ತಿದರೂ ಬೆಳಗ್ಗೆ ಕಾಯಿ ಬಿರಿದು ಕಂದಾಗಿರುತ್ತಿತ್ತು. "ಹಳೇದೇ ಚೆನ್ನಾಗಿತ್ತು" ಅನ್ನುವವರು ಆ ರಾತ್ರಿಗಳನ್ನು ಮರೆತಿದ್ದಾರೆ.

ಆದರೆ ನಮ್ಮ ಹುಡುಗರು ಇನ್ನೊಂದು ತುದಿಗೆ ಹೋಗಿದ್ದಾರೆ. ಬಿಸಿ ತಪ್ಪಿದರೆ ಆ್ಯಪ್ ತೆಗೆದು ಮತ್ತೆ ಹಾಕುವುದು, ಪಾಸ್‌ವರ್ಡ್ ಬದಲಿಸುವುದು, ಸೆಟ್ ಮಾಡಿದ ಅಂಕಿ ಏರಿಸುವುದು. ಕಂಪನಿಯ ಸಹಾಯವಾಣಿಗೆ ಕರೆ ಮಾಡಿದರೆ ಅವರೂ ಮೊದಲು ಕೇಳುವುದು "ಆ್ಯಪ್ ಅಪ್‌ಡೇಟ್ ಆಗಿದೆಯಾ ಸರ್?" ಅಂತಲೇ. ನನಗೂ ಹಾಗೇ ಕೇಳಿದ್ದರು. ಬೂದಿ ತೆಗೆದು ಎಷ್ಟು ದಿನ ಆಯ್ತು ಅಂತ ಒಬ್ಬರೂ ಕೇಳಲಿಲ್ಲ.

ನನ್ನ ವಾದ ಇಷ್ಟೇ. ಬಿಸಿ ಹುಟ್ಟುವುದು ಬೆಂಕಿಯಲ್ಲಿ, ಫೋನಿನಲ್ಲಲ್ಲ. ತೊಂದರೆ ಹುಡುಕುವುದೂ ಅಲ್ಲಿಂದಲೇ ಶುರುವಾಗಬೇಕು. ಬೂದಿ, ಪೆಲೆಟ್, ಗಾಳಿ, ಸೆನ್ಸರ್, ಕರೆಂಟ್. ಕೊನೆಗೆ ವೈಫೈ. ಈ ಸಾಲು ತಪ್ಪಿಸಬೇಡಿ.

ಸಾವಯವದವರಿಗೆ ಇದು ಇನ್ನೂ ಮುಖ್ಯ

ಒಣಹಣ್ಣಿನ ಬಣ್ಣ ಉಳಿಸಲು ಗಂಧಕದ ಉಪಚಾರ ಮಾಡುವವರಿದ್ದಾರೆ. ಸಾವಯವದಲ್ಲಿ ನಮಗೆ ಆ ದಾರಿ ಇಲ್ಲ. ಏಲಕ್ಕಿಯ ಹಸಿರು, ಸುಕೇಳಿಯ ಜೇನುಬಣ್ಣ, ಎರಡೂ ನಿಂತಿರುವುದು ಬಿಸಿ ಮತ್ತು ಗಾಳಿಯ ಮೇಲೆ. ಏಲಕ್ಕಿಗೆ 45ರಿಂದ 50 ಡಿಗ್ರಿ, ಬಾಳೆಹಣ್ಣಿಗೆ 55ರಿಂದ 60, ಕಾಳುಮೆಣಸು 60ರೊಳಗೆ. ಏಲಕ್ಕಿಗೆ ಇದಕ್ಕಿಂತ ಹೆಚ್ಚಾದರೆ ಹಸಿರು ಹೋಗಿ ಸಿಪ್ಪೆ ಬಿರಿಯುತ್ತದೆ. ಕಡಿಮೆಯಾದರೆ ಬೂಷ್ಟು. ಒಂದೇ ರಾತ್ರಿಯಲ್ಲಿ ಒಂದು ಕೊಯ್ಲಿನ ದುಡ್ಡು ಹೋಗುವ ಆಟ ಇದು.

ಅಂಕಿ ಏರಿಸಿದರೆ ಒಳಗೆ ಏನಾಗುತ್ತೆ?

ಯಂತ್ರದ ಲೆಕ್ಕ ಸರಳ. ಮೇಲಿನ ಡಬ್ಬದಿಂದ ಸ್ಕ್ರೂ ಪೆಲೆಟ್ಟನ್ನು ಬೆಂಕಿ ಬಟ್ಟಲಿಗೆ ತಳ್ಳುತ್ತದೆ. ಬ್ಲೋವರ್ ಬಟ್ಟಲಿನ ತೂತುಗಳಿಂದ ಗಾಳಿ ಊದುತ್ತದೆ. ಹೊಗೆ ಕೊಳವೆಗಳ ಒಳಗಿಂದ ಹೋಗಿ ಚಿಮಣಿ ಸೇರುತ್ತದೆ, ಕೊಳವೆಗಳ ಹೊರಗೆ ಕಾದ ಶುದ್ಧ ಗಾಳಿ ಟ್ರೇಗಳಿಗೆ ಹೋಗುತ್ತದೆ. ಸೆನ್ಸರ್ ಒಳಗಿನ ಬಿಸಿ ಹೇಳುತ್ತದೆ, ಕಂಟ್ರೋಲರ್ ಅದನ್ನು ನೋಡಿ ಸ್ಕ್ರೂ ಓಟವನ್ನು ಹೆಚ್ಚು ಕಡಿಮೆ ಮಾಡುತ್ತದೆ.

ಈಗ ಬಟ್ಟಲಿನ ತೂತುಗಳಲ್ಲಿ ಬೂದಿ ಕಟ್ಟಿದೆ ಅಂದುಕೊಳ್ಳಿ. ಬೆಂಕಿಗೆ ಉಸಿರಿಲ್ಲ, ಬಿಸಿ ಇಳಿಯಿತು. ಕಂಟ್ರೋಲರ್‌ಗೆ ಬೂದಿ ಕಾಣುವುದಿಲ್ಲ, ಬಿಸಿ ಸಾಲದು ಅಂತಷ್ಟೇ ಗೊತ್ತು. ಇನ್ನಷ್ಟು ಪೆಲೆಟ್ ತಳ್ಳುತ್ತದೆ. ನೀವು ಫೋನಿನಲ್ಲಿ 60 ಅಂದಿರಿ, ಅದು ಮತ್ತಷ್ಟು ತಳ್ಳಿತು. ಹೊಟ್ಟೆ ಕಟ್ಟಿದವನಿಗೆ ಇನ್ನೊಂದು ಮುದ್ದೆ ಬಡಿಸಿದ ಹಾಗೆ! ಬಟ್ಟಲು ತುಂಬಿ ದಟ್ಟ ಹೊಗೆ ಕಟ್ಟುತ್ತದೆ. ಎಲ್ಲೋ ಗಾಳಿ ಸಿಕ್ಕ ಕೂಡಲೇ ಎಲ್ಲ ಒಟ್ಟಿಗೆ ಹೊತ್ತಿಕೊಂಡು ಬಿಸಿ ಒಮ್ಮೆಲೇ ಜಿಗಿಯುತ್ತದೆ. ಏಲಕ್ಕಿ ಹಾಳಾಗುವುದು ಆ ಜಿಗಿತದಲ್ಲೇ.

ಫೋನಿನ ಗ್ರಾಫ್ ಓದುವುದನ್ನು ಕಲಿಯಿರಿ

ಫೋನ್ ದಂಡ ಅಂತ ನಾನು ಹೇಳ್ತಿಲ್ಲ. ಅದನ್ನು ರಿಮೋಟ್ ಥರ ಬಳಸುವ ಬದಲು ನಾಡಿ ನೋಡಲು ಬಳಸಿ. ಆ್ಯಪ್‌ನಲ್ಲಿ ಬಿಸಿಯ ಗ್ರಾಫ್ ಇರುತ್ತಲ್ಲ, ಅದರ ಆಕಾರವೇ ಅರ್ಧ ರೋಗ ಹೇಳುತ್ತದೆ.

ನಿಧಾನವಾಗಿ ಇಳಿಯುವ ಗೆರೆ: ನಾಲ್ಕೈದು ಗಂಟೆಯಲ್ಲಿ 50ರಿಂದ 47, 44, 40 ಅಂತ ಜಾರಿದರೆ ಮೊದಲ ಅನುಮಾನ ಬೂದಿ. ಬಟ್ಟಲಿನ ತೂತುಗಳನ್ನು ಕಂಬಿಯಿಂದ ಬಿಡಿಸಿ. ಎರಡನೇ ಅನುಮಾನ ಮಸಿ. ಚಿಮಣಿ ಸುಡುತ್ತಿದೆ, ಒಳಗೆ ಮಾತ್ರ ತಣ್ಣಗಿದೆ ಅಂದರೆ ಕೊಳವೆಗಳಿಗೆ ಮಸಿ ಹಿಡಿದಿದೆ, ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತಿದೆ. ಬ್ರಷ್ ಹಾಕಿ.

ಒಮ್ಮೆಲೇ ಬಿದ್ದ ಗೆರೆ: ಬೆಂಕಿ ಆರಿದೆ. ಪೆಲೆಟ್ ಖಾಲಿಯಾಗಿರಬಹುದು, ಸ್ಕ್ರೂ ಸಿಕ್ಕಿಕೊಂಡಿರಬಹುದು. ಇನ್ನೊಂದು ಮೋಸ ಇದೆ. ಮೇಲಿನಿಂದ ಡಬ್ಬ ತುಂಬಿದಂತೆ ಕಾಣುತ್ತೆ, ಕೆಳಗೆ ಸ್ಕ್ರೂ ಮೇಲೆ ಗುಹೆಯಾಗಿರುತ್ತೆ. ಪುಡಿ ಹೆಚ್ಚಿದ್ದರೆ, ಪೆಲೆಟ್ ತೇವ ಕುಡಿದಿದ್ದರೆ ಹೀಗಾಗುತ್ತದೆ. ಕೋಲಿನಿಂದ ತಿವಿದು ನೋಡಿ, ಕೈ ಹಾಕಬೇಡಿ. ಮತ್ತೆ ಹೊತ್ತಿಸುವ ಮುಂಚೆ ಬಟ್ಟಲಿನಲ್ಲಿ ಉಳಿದ ಪೆಲೆಟ್ಟನ್ನು ಪೂರ್ತಿ ತೆಗೆಯಲೇಬೇಕು. ಹಾಗೇ ಮನೆಯಿಂದ ಫೋನಿನಲ್ಲಿ ಸ್ಟಾರ್ಟ್ ಒತ್ತುವುದು ಅಪಾಯ.

ಗರಗಸದ ಹಲ್ಲಿನಂಥ ಗೆರೆ: ಎರಡು ಮೂರು ಡಿಗ್ರಿ ಏರಿಳಿತ ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 42ರಿಂದ 58ರವರೆಗೆ ತೂಗಾಡಿದರೆ ಸೆನ್ಸರ್ ಎಲ್ಲಿದೆ ನೋಡಿ. ಬಿಸಿಗಾಳಿ ಒಳಬರುವ ಬಾಯಲ್ಲೋ ಬಾಗಿಲ ಸಂದಿಯಲ್ಲೋ ಇದ್ದರೆ ಅದು ಟ್ರೇಗಳ ಕಥೆ ಹೇಳುವುದಿಲ್ಲ. ನಡುವಿನ ಟ್ರೇ ಮಟ್ಟದಲ್ಲಿ, ತಗಡಿಗೆ ತಾಗದಂತೆ ಇರಬೇಕು. ಅದೂ ಸರಿಯಿದ್ದರೆ ಕಂಟ್ರೋಲರ್ ಸೆಟ್ಟಿಂಗ್ ತಿದ್ದಲು ತಂತ್ರಜ್ಞರನ್ನು ಕರೆಸಿ.

ಮುಳ್ಳಿನಂತೆ ಎದ್ದು ಬೀಳುವ ಗೆರೆ: ಒಂದು ಸೆಕೆಂಡಿನಲ್ಲಿ 50ರಿಂದ 90, ಮತ್ತೆ 50. ನೂರು ಕೆಜಿ ಹಸಿ ಏಲಕ್ಕಿ ತುಂಬಿದ ಪೆಟ್ಟಿಗೆ ಹಾಗೆ ಕುಣಿಯಲು ಸಾಧ್ಯವೇ ಇಲ್ಲ. ಸೆನ್ಸರ್ ವೈರ್ ಸಡಿಲ, ಇಲ್ಲವೇ ಮೋಟಾರ್ ವೈರ್ ಜೊತೆ ಒಂದೇ ಪೈಪಿನಲ್ಲಿ ಬಂದಿದೆ, ಇಲ್ಲವೇ ಅರ್ತಿಂಗ್ ಸರಿಯಿಲ್ಲ. ಇಲಿ ಕಡಿದಿದೆಯಾ ಅಂತಲೂ ನೋಡಿ.

ಗೆರೆಯೇ ಇಲ್ಲ: ಇದೊಂದೇ ವೈಫೈ ತೊಂದರೆ. ಹೆಚ್ಚಿನ ಕಂಟ್ರೋಲರ್‌ಗಳು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ, 5 ಗಿಗಾಹರ್ಟ್ಸ್ ಅವಕ್ಕೆ ಕಾಣುವುದೇ ಇಲ್ಲ. ತಗಡಿನ ಶೆಡ್ ಸಿಗ್ನಲ್ ತಡೆಯುತ್ತದೆ, ರೂಟರನ್ನು ಎದುರು ಕಾಣುವ ಕಿಟಕಿಗೆ ತನ್ನಿ. ನೆನಪಿಡಿ, ಫೋನಿನಲ್ಲಿ "ಆಫ್‌ಲೈನ್" ಬಂದರೆ ಡ್ರೈಯರ್ ನಿಂತಿದೆ ಅಂತಲ್ಲ. ಒಳ್ಳೆಯ ಯಂತ್ರ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಗಾಬರಿಯಾಗಿ ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಬೇಡಿ.

ಸೆನ್ಸರ್ ಸುಳ್ಳು ಹೇಳುತ್ತಿದೆಯಾ?

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಪುಡಿ ಮಾಡಿದ ಐಸ್‌ಗೆ ಸ್ವಲ್ಪ ನೀರು ಹಾಕಿ ಕಲಸಿ, ಸೆನ್ಸರ್ ತುದಿ ಅದರಲ್ಲಿಡಿ. 0 ತೋರಿಸಬೇಕು. ಆಮೇಲೆ ಕುದಿಯುವ ನೀರು. ಇಲ್ಲಿ 100 ಬರಲಿಲ್ಲ ಅಂತ ಸೆನ್ಸರ್ ಬಿಸಾಡಬೇಡಿ. ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದ ಊರಿನಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಎರಡೂ ಕಡೆ ಒಂದೇ ಅಂತರ ಬಂದರೆ ಕಂಟ್ರೋಲರ್‌ನಲ್ಲಿ ಅಷ್ಟನ್ನು ಕಳೆಯಲು, ಕೂಡಿಸಲು ಅವಕಾಶ ಇರುತ್ತದೆ. ಬೇರೆ ಬೇರೆ ಬಂದರೆ ಸೆನ್ಸರ್ ಬದಲಿಸಿ. ಜೊತೆಗೆ ಒಂದು ಸಾದಾ ಥರ್ಮಾಮೀಟರ್ ಸದಾ ಟ್ರೇ ಪಕ್ಕದಲ್ಲಿರಲಿ. ಒಂದೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದು.

ಪೆಲೆಟ್ ಬದಲಾದರೆ ಬೆಂಕಿಯೂ ಬದಲಾಗುತ್ತೆ

ಅಗ್ಗ ಅಂತ ಸಿಕ್ಕ ಪೆಲೆಟ್ ತರುವವರು ಒಂದು ಲೆಕ್ಕ ಹಾಕಿ. ಒಳ್ಳೆಯ ಮರದಪುಡಿ ಪೆಲೆಟ್‌ನಲ್ಲಿ ಬೂದಿ ನೂರಕ್ಕೆ ಒಂದೆರಡು ಪಾಲು. ಭತ್ತದ ಹೊಟ್ಟಿನಲ್ಲಿ ಹದಿನೈದರಿಂದ ಇಪ್ಪತ್ತು ಪಾಲು. ಮರದ ಪೆಲೆಟ್‌ಗೆ ದಿನಕ್ಕೊಮ್ಮೆ ಬೂದಿ ತೆಗೆದರೆ ಸಾಕಾಗುವ ಬಟ್ಟಲು ಹೊಟ್ಟಿನ ಪೆಲೆಟ್‌ಗೆ ಕೆಲವೇ ಗಂಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಕೆಲವು ಪೆಲೆಟ್‌ಗಳ ಬೂದಿ ಕರಗಿ ಗಟ್ಟಿ ಕಿಟ್ಟವಾಗಿ ತೂತುಗಳನ್ನೇ ಮುಚ್ಚುತ್ತದೆ. ಹೊಟ್ಟಿನದು ಬಳಸಬೇಡಿ ಅಂತಲ್ಲ. ಬಳಸುವುದಾದರೆ ಬೂದಿ ತೆಗೆಯುವ ಕೂಲಿಯನ್ನೂ ರೇಟಿಗೆ ಸೇರಿಸಿ. ಪೆಲೆಟ್ ಬದಲಿಸಿದಾಗಲೆಲ್ಲ ಸ್ಕ್ರೂ ಓಟ ಮತ್ತು ಗಾಳಿಯ ಹದ ಮತ್ತೆ ನೋಡಬೇಕು.

ಮಳೆಗಾಲದಲ್ಲಿ ಚೀಲವನ್ನು ನೆಲಕ್ಕೆ ಇಡಬೇಡಿ, ಹಲಗೆ ಮೇಲಿಡಿ, ಬಾಯಿ ಕಟ್ಟಿ. ಒಣ ಪೆಲೆಟ್ ಮುರಿದರೆ ಟಕ್ ಅನ್ನುತ್ತದೆ, ಮೈ ಹೊಳೆಯುತ್ತದೆ. ತೇವ ಹಿಡಿದದ್ದು ಉಬ್ಬಿ, ಬೆರಳಲ್ಲೇ ಪುಡಿಯಾಗುತ್ತದೆ. ಡಬ್ಬಕ್ಕೆ ಹಾಕುವಾಗ ಜರಡಿ ಹಿಡಿಯಿರಿ.

ಅಂಕಿ ಸರಿ, ಏಲಕ್ಕಿ ಬೆಂದಿದೆ!

ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವುದು ಇದು. ಹಸಿ ಏಲಕ್ಕಿಯಲ್ಲಿ ನೂರಕ್ಕೆ ಎಂಬತ್ತರಷ್ಟು ನೀರು. ನೂರು ಕೆಜಿ ಹಾಕಿದರೆ ಒಣಗುವ ಹೊತ್ತಿಗೆ ಸುಮಾರು 77 ಕೆಜಿ ನೀರು ಆವಿಯಾಗಿ ಹೊರಗೆ ಹೋಗಬೇಕು. ಮೊದಲ ಕೆಲವು ಗಂಟೆ ಬೆಂಕಿಯ ಶಕ್ತಿಯೆಲ್ಲ ಆ ನೀರಿಗೇ ಖರ್ಚು. ಆಗ 50 ಬರದಿದ್ದರೆ ಅದು ಕೆಟ್ಟಿದ್ದಲ್ಲ, ಕೆಲಸ ಮಾಡುತ್ತಿರುವುದು.

ಫೋನಿನಲ್ಲಿ 50 ಕಾಣಲೇಬೇಕು ಅಂತ ಹಟ ಹಿಡಿದವರು ಏನು ಮಾಡುತ್ತಾರೆ? ಮೇಲಿನ ಹಬೆ ಕಿಂಡಿ ಮುಚ್ಚುತ್ತಾರೆ. ಅಂಕಿ ಏರುತ್ತದೆ, ಮನಸ್ಸಿಗೆ ಸಮಾಧಾನ. ಒಳಗೆ ಹಬೆ ಹೊರಗೆ ಹೋಗಲಾರದೆ ಏಲಕ್ಕಿ ಕಡುಬಿನ ಹಾಗೆ ಬೇಯುತ್ತದೆ. ಬೆಳಗ್ಗೆ ಗ್ರಾಫ್ ಚೆಂದ, ಕಾಯಿ ಕಂದು. ನಮಗೆ ಬೇಕಿರುವುದು ಒಣಗುವುದು, ಅಂಕಿಯಲ್ಲ. ಶುರುವಿನಲ್ಲಿ ಕಿಂಡಿ ಪೂರ್ತಿ ತೆರೆದಿರಲಿ, ಹಬೆ ಕಡಿಮೆಯಾದಂತೆ ಮುಚ್ಚುತ್ತಾ ಬನ್ನಿ. ಟ್ರೇಗೆ ತೆಳುವಾಗಿ ಹರಡಿ, ನಡುನಡುವೆ ಮೇಲಿನ ಕೆಳಗಿನ ಟ್ರೇ ಅದಲು ಬದಲು ಮಾಡಿ.

ಕರೆಂಟ್ ಹೋದರೆ?

ವೋಲ್ಟೇಜ್ ಇಳಿದರೆ ಬ್ಲೋವರ್ ನಿಧಾನವಾಗುತ್ತದೆ, ಬೆಂಕಿ ಹೊಗೆಯಾಗುತ್ತದೆ. ಕರೆಂಟ್ ಪೂರ್ತಿ ಹೋದರೆ ಬ್ಲೋವರ್ ನಿಂತರೂ ಕೆಂಡ ಉರಿಯುತ್ತಲೇ ಇರುತ್ತದೆ. ಬಿಸಿ ಸ್ಕ್ರೂ ದಾರಿಯಲ್ಲಿ ಹಿಂದಕ್ಕೆ ಹೊರಟು ಡಬ್ಬದ ಪೆಲೆಟ್‌ಗೂ ಬೆಂಕಿ ತಾಗಬಹುದು. ಆದ್ದರಿಂದ ಇನ್ವರ್ಟರ್ ಇದ್ದರೆ ಮೊದಲು ಕಂಟ್ರೋಲರ್ ಮತ್ತು ಬ್ಲೋವರ್‌ಗೆ ಕೊಡಿ, ಆಮೇಲೆ ರೂಟರ್‌ಗೆ. ಬರ್ನರ್ ಇರುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುವುದಂತೂ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಎಚ್ಚರಿಕೆ ಕೊಡದೆ ಜೀವ ತೆಗೆಯುತ್ತದೆ. ಒಳಗಿನ ಬಿಸಿಗಾಳಿಯಲ್ಲಿ ಹೊಗೆ ವಾಸನೆ ಬಂದರೆ ಕೊಳವೆ ತೂತಾಗಿದೆ ಅಂತ ಅರ್ಥ. ಆವತ್ತೇ ನಿಲ್ಲಿಸಿ. ಹೊಗೆ ಹಿಡಿದ ಮಾಲನ್ನು ಯಾರೂ ಸಾವಯವ ದರಕ್ಕೆ ಕೊಳ್ಳುವುದಿಲ್ಲ.

ಕೊಳ್ಳುವ ಮುಂಚೆ ಕೇಳಬೇಕಾದ್ದು

ಮಾರುವವರು ಆ್ಯಪ್ ತೋರಿಸುತ್ತಾರೆ. ನೀವು ಬೂದಿ ಬಾಗಿಲು ತೋರಿಸಿ ಅನ್ನಿ. ಕೈಗೆ ಸುಲಭವಾಗಿ ಸಿಗದಿದ್ದರೆ ನೀವದನ್ನು ದಿನಾ ತೆಗೆಯುವುದಿಲ್ಲ, ಬರೆದಿಟ್ಟುಕೊಳ್ಳಿ. ಇಂಟರ್ನೆಟ್ ಇಲ್ಲದೆ ಇಡೀ ರಾತ್ರಿ ಓಡುತ್ತದೆಯೇ? ರೂಟರ್ ಆಫ್ ಮಾಡಿಸಿ ನೋಡಿ. ಯಂತ್ರದ ಮೇಲೇ ಬಿಸಿ ಹೊಂದಿಸುವ ಗುಂಡಿ ಇದೆಯೇ? ಕಂಟ್ರೋಲರ್ ಕೈಕೊಟ್ಟರೆ ಅತಿ ಬಿಸಿಯಲ್ಲಿ ತಾನೇ ನಿಲ್ಲಿಸುವ ಬೇರೆ ಸ್ವಿಚ್ ಇದೆಯೇ? ಸೆನ್ಸರ್ ಪೇಟೆಯಲ್ಲಿ ಸಿಗುವ ಪಿಟಿ100 ತರಹದ್ದೋ, ಅವರ ಹತ್ತಿರ ಮಾತ್ರ ಸಿಗುವಂಥದ್ದೋ? ಈ ಪ್ರಶ್ನೆಗಳಿಗೆ ನೇರ ಉತ್ತರ ಬರದಿದ್ದರೆ ಆ್ಯಪ್ ಎಷ್ಟೇ ಚೆಂದ ಇರಲಿ, ಕೊಳ್ಳಬೇಡಿ.

ಈಗಾಗಲೇ ಕೊಂಡವರು ಈ ವಾರ ಒಂದು ಕೆಲಸ ಮಾಡಿ. ಮುಂದಿನ ಲೋಡ್ ಹಾಕುವ ಮುಂಚೆ ಬಟ್ಟಲು, ಕೊಳವೆ, ಡಬ್ಬ ಮೂರನ್ನೂ ಶುಚಿ ಮಾಡಿ, ಖಾಲಿ ಟ್ರೇ ಇಟ್ಟು ಎರಡು ಗಂಟೆ 50ಕ್ಕೆ ಓಡಿಸಿ. ಬಂದ ಗ್ರಾಫನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಿಮ್ಮ ಯಂತ್ರ ಆರೋಗ್ಯವಾಗಿದ್ದಾಗಿನ ನಾಡಿ ಅದು. ಮುಂದೆ ಗೆರೆ ಕೆಟ್ಟಾಗ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಅಳತೆ ಯಾವ ಸಹಾಯವಾಣಿಯಲ್ಲೂ ಸಿಗುವುದಿಲ್ಲ.