ಹುಡುಗರಿಗೂ ಬಾರ್ ಇಲ್ಲದ ಸೈಕಲ್ ಕೊಡಿ

ಸರ್ಕಾರ ಶಾಲಾ ಮಕ್ಕಳಿಗೆ ಇನ್ನು ಮುಂದೆ ಸೈಕಲ್ ಕೊಡುವುದಾದರೆ ಗಂಡುಮಕ್ಕಳಿಗೂ ಬಾರ್ ಇಲ್ಲದ್ದನ್ನೇ ಕೊಡಲಿ. ಶಿರಾಳಕೊಪ್ಪದಲ್ಲಿ ಸೈಕಲ್ ಶಾಪ್ ಇಟ್ಟುಕೊಂಡು, ಪಂಕ್ಚರ್ ಹಾಕಿ, ರಿಮ್ಮಿನ ಔಟ್ ತೆಗೆದು ಸಂಸಾರ ಸಾಗಿಸಿದವನ ಮಾತಿದು.

ಈ ಸೈಕಲ್ಲಿಗೂ ನಮ್ಮ ಸೀಮೆಗೂ ಹಳೆಯ ನಂಟು. 2006-07ರಲ್ಲಿ ಹಣಕಾಸು ಖಾತೆಯನ್ನೂ ನೋಡಿಕೊಳ್ಳುತ್ತಿದ್ದ ಉಪಮುಖ್ಯಮಂತ್ರಿ, ನಮ್ಮ ಶಿಕಾರಿಪುರ ತಾಲ್ಲೂಕಿನವರೇ ಆದ ಬಿ.ಎಸ್. ಯಡಿಯೂರಪ್ಪನವರು ಎಂಟನೇ ತರಗತಿ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ತಂದರು. ಮರುವರ್ಷ ಗಂಡುಮಕ್ಕಳಿಗೂ ಸಿಕ್ಕಿತು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. 2023ರಲ್ಲಿ ಶಾಲಾ ಶಿಕ್ಷಣ ಖಾತೆ ಪಕ್ಕದ ಸೊರಬದ ಶಾಸಕ ಮಧು ಬಂಗಾರಪ್ಪನವರಿಗೆ ಬಂತು. ಪಕ್ಷ ಯಾವುದೇ ಇರಲಿ, ಈ ವಿಷಯ ಕೇಳಲು ನಮ್ಮೆರಡು ತಾಲ್ಲೂಕಿನವರಿಗೆ ಸಲಿಗೆ ಇದೆ.

ಹೆಣ್ಣುಮಕ್ಕಳಿಗೆ ಕೊಟ್ಟದ್ದು ಬಾರ್ ಇಲ್ಲದ, ಮುಂದೆ ಬುಟ್ಟಿ ಇರುವ ಲೇಡೀಸ್ ಸೈಕಲ್. ಆ ಹುಡುಗಿಯರು ಎಸ್ಸೆಸ್ಸೆಲ್ಸಿ ಮುಗಿಸಿ ಬಸ್ಸಿನಲ್ಲಿ ಕಾಲೇಜಿಗೆ ಹೋದರು, ಮದುವೆಯಾದರು. ಸೈಕಲ್ ತವರಲ್ಲೇ ಉಳಿಯಿತು. ಈಗ ಅದನ್ನು ರಿಪೇರಿಗೆ ತರುವವರು ಅಪ್ಪಂದಿರು. ಬುಟ್ಟಿ ಕಿತ್ತುಹೋಗಿ ಹ್ಯಾಂಡಲ್ಲಿಗೆ ಹಾಲಿನ ಕ್ಯಾನು ಬಂದಿರುತ್ತದೆ. "ಮಗಳದ್ದು ಮಾರಾಯ್ರೆ, ಬ್ರೇಕ್ ಒಂದು ನೋಡಿ" ಎನ್ನುತ್ತಾರೆ, ಕೇಳದೆಯೇ.

ಮುಜುಗರ ಯಾಕೆ? ಕ್ಯಾರಿಯರಿಗೆ ಹುಲ್ಲಿನ ಹೊರೆ ಕಟ್ಟಿ ಬಾರ್ ಇರುವ ಸೈಕಲ್ ಹತ್ತಿ ನೋಡಿ. ಹಿಂದಿನಿಂದ ಕಾಲು ಹಾಕಲು ಹೊರೆ ಅಡ್ಡ, ಮುಂದಿನಿಂದ ಎತ್ತಲು ಬಾರ್ ಅಡ್ಡ, ಮೇಲೆ ಪಂಚೆ ಬೇರೆ. ಬಾರ್ ಇಲ್ಲದ್ದರಲ್ಲಿ ಸೀಟಿನ ಮುಂದೆ ಕಾಲು ದಾಟಿಸಿದರೆ ಮುಗಿಯಿತು. ಇಳಿಜಾರಿನಲ್ಲಿ ದನ ಅಡ್ಡ ಬಂದರೆ ತಟ್ಟನೆ ಇಳಿಯಬಹುದು. ಮಂಡಿನೋವಿನ ಹಿರಿಯರಿಗೆ, ಸೀರೆ ಉಟ್ಟವರಿಗೆ, ಬುರ್ಖಾ ತೊಟ್ಟವರಿಗೆ ಒಗ್ಗುವುದೂ ಇದೇ.

ಎಂಟನೇ ತರಗತಿಯ ಹುಡುಗರೆಲ್ಲ ಒಂದೇ ಎತ್ತರ ಇರುವುದಿಲ್ಲ. ಕುಳ್ಳಗಿರುವವನು ಗಕ್ಕನೆ ನಿಲ್ಲಿಸಿದರೆ ಬಾರಿನ ಮೇಲೆ ಬಿದ್ದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾನೆ. ನಾವು ಬಾರಿನಡಿ ಕಾಲು ತೂರಿಸಿ, ಸೊಂಟ ಸೊಟ್ಟ ಮಾಡಿ ಒಳಪೆಡಲ್ ಹೊಡೆದು ಕಲಿತವರು. ಅದನ್ನು ಸಾಹಸವೆಂದು ಕೊಚ್ಚಿಕೊಳ್ಳುತ್ತೇವೆ. ದೊಡ್ಡವರ ಅಳತೆಯ ಸೈಕಲ್ ಬಿಟ್ಟರೆ ಮನೆಯಲ್ಲಿ ಬೇರೆ ಇರಲಿಲ್ಲ, ಅಷ್ಟೆ.

ಹಾಗೆಂದು ಬಾರನ್ನು ಸುಮ್ಮನೆ ಕೂರಿಸಿದ್ದಲ್ಲ. ಮೂರು ಕಡೆ ಬಿಗಿದ ಪೈಪು ಸುಲಭಕ್ಕೆ ಬಾಗದು. ಬಾರ್ ತೆಗೆದರೆ ಭಾರವೆಲ್ಲ ಕೆಳಗಿನ ಪೈಪುಗಳ ಮೇಲೆ. ಅವು ಸೀಟಿನ ಪೈಪಿಗೆ ಕೂಡುವ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟದ್ದನ್ನು ನಾನೇ ವೆಲ್ಡಿಂಗಿಗೆ ಕಳಿಸಿದ್ದೇನೆ. ದಪ್ಪ ಪೈಪು ಹಾಕಿದರೆ ತೂಕ, ಬೆಲೆ ಎರಡೂ ತುಸು ಏರುತ್ತವೆ. ಮೂಟೆ ಹೇರುವವನಿಗೆ ಹಳೆಯ ಡಬಲ್ ಬಾರೇ ಸರಿ. ಶಾಲೆಯ ಬ್ಯಾಗಿಗೆ ಅಷ್ಟೆಲ್ಲ ಬೇಕಿಲ್ಲ.

ಉಳಿದದ್ದು ನಾಚಿಕೆ. "ಹುಡುಗಿ ಸೈಕಲ್ ಕೊಟ್ಟರೆ ಹುಡುಗರು ತುಳೀತಾರಾ?" ಎಂದು ಕೇಳುವವರೇ ಟಿವಿಎಸ್ ಎಕ್ಸ್‌ಎಲ್ ಮೇಲೆ, ಕಾಲಿನ ಮುಂದೆ ಹಿಂಡಿ ಚೀಲ ಇಟ್ಟುಕೊಂಡು ಸಂತೆಯಿಂದ ಬರುತ್ತಾರೆ. 1980ರಲ್ಲಿ ಬಂದ ಟಿವಿಎಸ್ 50 ಕಾಲದಿಂದಲೂ ಆ ಗಾಡಿಯ ನಡುವೆ ಕಾಲು ದಾಟಿಸಲು ಜಾಗವಿದೆ. ಆಕ್ಟಿವಾ ಹತ್ತಿದ ಯಾವ ಗಂಡಸಿನ ಮೀಸೆಯೂ ಮಣ್ಣಾಗಿಲ್ಲ. 1880ರ ದಶಕದ ಕೊನೆಯಲ್ಲಿ ಯುರೋಪ್, ಅಮೆರಿಕದ ಹೆಂಗಸರ ನೆಲ ಮುಟ್ಟುವ ಲಂಗಕ್ಕಾಗಿ ಬಾರ್ ಇಳಿಸಿದರು. ಇವತ್ತು ನೆದರ್‌ಲ್ಯಾಂಡ್ಸ್‌ನಲ್ಲಿ ಅಂಥ ಸೈಕಲ್ಲನ್ನು ಗಂಡಸರೂ ತುಳಿಯುತ್ತಾರೆ. ಎಂಜಿನ್ ಇದ್ದರೆ ಗಂಡಸಿನದು, ಪೆಡಲ್ ಇದ್ದರೆ ಹೆಂಗಸಿನದು ಎನ್ನುವುದು ಯಾವ ಲೆಕ್ಕ?

ಸರ್ಕಾರ ಎಲ್ಲರಿಗೂ ಒಂದೇ ಬಗೆಯದ್ದು ಕೊಟ್ಟರೆ ನಗುವವರೇ ಇರುವುದಿಲ್ಲ. ಅಕ್ಕನದ್ದು ತಮ್ಮನಿಗೆ, ಅವನದ್ದು ಅವ್ವನಿಗೆ ಬರುತ್ತದೆ. ಮುಂದಿನ ಟೆಂಡರಿನಲ್ಲಿ ಬಾಲಕರದು, ಬಾಲಕಿಯರದು ಎಂಬ ಎರಡು ಕಾಲಂ ತೆಗೆದು ಒಂದು ಮಾಡಲಿ. ಹಾಗೆ ಉಳಿಯುವ ತಲೆನೋವನ್ನು ಗಟ್ಟಿ ಪೈಪು ಕೇಳುವುದರಲ್ಲಿ ಖರ್ಚು ಮಾಡಲಿ.