ನೆಲ ಡೊಂಕಾಗಿದ್ದು ಒಂದೇ ಸಲ

ಹಬ್ಬದ ದಿನ ಬಿಟ್ಟರೆ ಮನೆಯಲ್ಲಿ ಇಸ್ಪೀಟಿನ ಕಟ್ಟು ಕಂಡರೆ ಹಿಂದೆ ಹಿರಿಯರು ಸಿಡುಕುತ್ತಿದ್ದರು. ಅದೇ ಇಸ್ಪೀಟು 1990ರಲ್ಲಿ ಕಚೇರಿಯ ಮೇಜಿನ ಮೇಲೆ ಮರ್ಯಾದೆಯಿಂದ ಬಂದು ಕುಳಿತಿತು. ಆ ವರ್ಷ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 3.0 ಜೊತೆಗೆ ಸಾಲಿಟೇರ್ ಎಂಬ ಆಟ ಬಂತು. ಒಬ್ಬರೇ ಆಡುವ ಆಟ. ಬರೆದವರು ವೆಸ್ ಚೆರ್ರಿ, ಕಂಪನಿಗೆ ಬೇಸಿಗೆ ತರಬೇತಿಗೆಂದು ಬಂದಿದ್ದ ಹುಡುಗ. ಎಲೆಗಳ ಚಿತ್ರ ಬಿಡಿಸಿದವರು ಸೂಸನ್ ಕೇರ್.

ಆಟ ಇಟ್ಟಿದ್ದಕ್ಕೆ ಕಾರಣವಿತ್ತು. ಜನಕ್ಕೆ ಮೌಸ್ ಹೊಸದು. ಲೆಡ್ಜರ್ ಬರೆದು ಬೆರಳು ಗಟ್ಟಿಯಾಗಿದ್ದ ನಮ್ಮಂಥ ಬ್ಯಾಂಕ್ ಗುಮಾಸ್ತರಿಗಂತೂ ಕೈ ಒಂದು ಕಡೆ, ಪರದೆಯ ಬಾಣ ಇನ್ನೊಂದು ಕಡೆ. ಕೆಂಪು ಒಂಬತ್ತನ್ನು ಎಳೆದು ಕಪ್ಪು ಹತ್ತರ ಮೇಲಿಡುತ್ತ ಇಡುತ್ತ ಕೈ ಪಳಗುತ್ತದೆ. ಕಡತವನ್ನು ಎಳೆದು ಬೇರೆ ಕಡೆ ಇಡುವುದೂ ಅದೇ ವಿದ್ಯೆ. ಮೌಸ್ ಕಲಿಯಬೇಕೆನ್ನುವ ಅಜ್ಜ-ಅಜ್ಜಿಯರಿಗೆ ಇವತ್ತಿಗೂ ಇದೇ ಮೊದಲ ಪಾಠವಾಗಲಿ.

ಎರಡನೆಯ ಪಾಠ ಫ್ರೀಸೆಲ್. 1978ರಲ್ಲಿ ಪಾಲ್ ಆಲ್ಫಿಲ್ ಎಂಬ ವೈದ್ಯಕೀಯ ವಿದ್ಯಾರ್ಥಿ ಇದನ್ನು ಮೊದಲು ಕಂಪ್ಯೂಟರಿಗೆ ತಂದರು. ವಿಂಡೋಸಿಗೆ ಬರೆದವರು ಜಿಮ್ ಹಾರ್ನ್. ಸಾಲಿಟೇರಿನಲ್ಲಿ ಕೆಲವು ಎಲೆಗಳು ಬೋರಲು ಬಿದ್ದಿರುತ್ತವೆ. ಸೋತರೆ ಹಣೆಬರಹ ಎನ್ನಬಹುದು. ಫ್ರೀಸೆಲ್‌ನಲ್ಲಿ ಆ ನೆಪ ಇಲ್ಲ. 52 ಎಲೆಗಳೂ ಎಂಟು ಸಾಲಿನಲ್ಲಿ ಮುಖ ತೋರಿಸಿಕೊಂಡೇ ಇರುತ್ತವೆ. ತಾತ್ಕಾಲಿಕವಾಗಿ ಒಂದೊಂದು ಎಲೆ ಇಡಲು ನಾಲ್ಕು ಖಾಲಿ ಮನೆಗಳಿವೆ. ಎಕ್ಕದಿಂದ ರಾಜನವರೆಗೆ ನಾಲ್ಕೂ ಬಣ್ಣಗಳನ್ನು ಜೋಡಿಸಿದರೆ ಗೆಲುವು.

ವಿಂಡೋಸಿನ ಆಟದಲ್ಲಿ ಹಂಚಿಕೆಗಳಿಗೆ 1ರಿಂದ 32,000ದವರೆಗೆ ಸಂಖ್ಯೆಗಳಿದ್ದವು. ಇವೆಲ್ಲವನ್ನೂ ಗೆಲ್ಲಬಹುದೇ? 1994-95ರಲ್ಲಿ ಡೇವ್ ರಿಂಗ್ ಎಂಬುವರು ಇಂಟರ್ನೆಟ್ ಮೂಲಕ ನೂರಕ್ಕೂ ಹೆಚ್ಚು ಆಸಕ್ತರನ್ನು ಸೇರಿಸಿ ಆಟಗಳನ್ನು ಹಂಚಿಕೊಟ್ಟರು. ಒಂದನ್ನುಳಿದು ಎಲ್ಲವೂ ಬಿಡಿಸಿದವು. ಉಳಿದದ್ದು 11982. ಆಮೇಲೆ ಕಂಪ್ಯೂಟರಿಗೇ ಹಚ್ಚಿ ನೋಡಿದರೂ ಅದಕ್ಕೆ ದಾರಿ ಇಲ್ಲ.

ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ 32,000 ಸಲಕ್ಕೆ ಒಂದೇ ಸಲ ನೆಲ ನಿಜವಾಗಿ ಡೊಂಕು! ಉಳಿದ 31,999 ಸಲ ದಾರಿ ಕಣ್ಣೆದುರೇ ಇದೆ, ನಾವು ಹುಡುಕಬೇಕು ಅಷ್ಟೆ.

ಹೇಗೆ ಹುಡುಕುವುದು? ಎಲೆ ಮುಟ್ಟುವ ಮೊದಲು ನಾಲ್ಕು ಎಕ್ಕಗಳು ಎಷ್ಟು ಆಳದಲ್ಲಿವೆ ನೋಡಿ. ಖಾಲಿ ಮನೆಯನ್ನು ಕೈಯಲ್ಲಿರುವ ನಗದಿನಂತೆ ಕಾಪಾಡಿ; ನಾಲ್ಕೂ ತುಂಬಿದವೆಂದರೆ ವ್ಯವಹಾರ ನಿಂತಿತು. ನಾಲ್ಕೂ ಖಾಲಿ ಇದ್ದರೆ ಒಮ್ಮೆಗೆ ಐದು ಎಲೆ ಸರಿಸಬಹುದು. ಜೊತೆಗೆ ಒಂದು ಸಾಲೂ ಖಾಲಿಯಾದರೆ ಹತ್ತು.

ಮಕ್ಕಳೇ, ಸಂಖ್ಯೆಯ ನಿಜವಾದ ಮಜಾ ಈಗ ಕೇಳಿ. ಅಜ್ಜ ಧಾರವಾಡದಲ್ಲಿ, ಮೊಮ್ಮಗಳು ಪುಣೆಯಲ್ಲಿ ಇದ್ದರೂ ಒಂದೇ ಹಂಚಿಕೆ ಆಡಬಹುದು. ಸಂಖ್ಯೆ ಆರಿಸಲು ಬರುವ ಒಂದೇ ತಂತ್ರಾಂಶ ಇಬ್ಬರಲ್ಲೂ ಇರಲಿ. ಲಿನಕ್ಸ್ ಇದ್ದವರಿಗೆ ಕೆಪೇಷನ್ಸ್ ಉಚಿತವಾಗಿ ಸಿಗುತ್ತದೆ. ಅಜ್ಜ ಹುಟ್ಟಿದ್ದು ಆಗಸ್ಟ್ 15 ಆದರೆ 1508ನೇ ಆಟ ತೆಗೆಯಿರಿ. ರಾತ್ರಿ ಫೋನ್ ಮಾಡಿ, ‘ಅಜ್ಜಾ, ಆಟೀನ್ ಎಕ್ಕ ಹೆಂಗ ತೆಗದ್ರಿ?’ ಎಂದು ಕೇಳಿ. ‘ಊಟ ಆತೇನು’ ಎಂದಮೇಲೆ ಮುಂದೇನು ಮಾತಾಡಬೇಕೆಂದು ತೋಚದ ಫೋನಿಗೆ ಇದೊಂದು ಒಳ್ಳೆಯ ವಿಷಯ.

ಸೋತವರು ಅದೇ ಸಂಖ್ಯೆಯನ್ನು ಮತ್ತೆ ಆಡಿ. 11982 ಮಾತ್ರ ಯಾರಿಗೂ ಕೊಡಬೇಡಿ.