ಗಾಜಿನ ತೊಟ್ಟಿಯಲ್ಲಿ ಹವಳದ ಬಾಳು

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಮನೆಗಳಿಗೆ ಹವಳವು ಹೊಸ ಪದಾರ್ಥವೇನೂ ಅಲ್ಲ. ಅಜ್ಜಿಯ ಕೊರಳಲ್ಲಿ ಚಿನ್ನದ ಗುಂಡುಗಳ ನಡುವೆ ಬ್ಯಾಡಗಿಯ ಮೆಣಸಿನಕಾಯಿಯಂತೆ ಕೆಂಪಾಗಿ ಮೆರೆಯುವ ಮಣಿ ಅದು. ಜಾತಕ ನೋಡುವವರು ಕುಜನ ರತ್ನವೆಂದು ಬೆರಳಿಗೆ ತೊಡಿಸುವ ಕಲ್ಲೂ ಅದೇ. ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದ ಮನೆಯ ಮಕ್ಕಳಿಗೆ, ಆ ಮೀನಿನ ಪಕ್ಕದಲ್ಲಿ ಜೀವಂತ ಹವಳವನ್ನೂ ಬೆಳೆಸಬೇಕೆಂಬ ಆಸೆ ಮೂಡುವುದು ಸಹಜ. ಆಸೆ ತಪ್ಪಲ್ಲ, ಆದರೆ ಹಣ ಎಣಿಸುವ ಮುನ್ನ ಮನೆಯ ಹಿರಿಯರು ತಿಳಿಯಬೇಕಾದ ಸಂಗತಿಗಳು ಕೆಲವುಂಟು.

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ. ಪಾಲಿಪ್ ಎಂಬ ಪುಟ್ಟ ಜೀವಿಗಳು ಒತ್ತೊತ್ತಾಗಿ ಕೂಡಿ ಬಾಳುವ ಸಂಸಾರವದು. ಸಮುದ್ರದ ನೀರಿನಲ್ಲಿರುವ ಸುಣ್ಣದ ಅಂಶವನ್ನು ಹೀರಿ ಅವು ತಮ್ಮ ಅಡಿಯಲ್ಲಿ ಗಟ್ಟಿಯಾದ ಬಟ್ಟಲು ಕಟ್ಟಿಕೊಳ್ಳುತ್ತವೆ. ಬಂಡೆ ಕಟ್ಟುವ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯೊಂದು ನೆಲೆಸಿ, ಬೆಳಕಿನ ಬಲದಿಂದ ಆಹಾರ ತಯಾರಿಸಿ, ಆಶ್ರಯ ಕೊಟ್ಟ ಪ್ರಾಣಿಗೂ ಬಡಿಸುತ್ತದೆ. ಅಜ್ಜಿಯ ಸರದ ಕೆಂಪು ಹವಳದ ವಂಶ ಬೇರೆ. ಮೆಡಿಟರೇನಿಯನ್ ಸಮುದ್ರದ ಮಬ್ಬುಗತ್ತಲೆಯಲ್ಲಿ ಬೆಳೆಯುವ ಅದಕ್ಕೆ ಪಾಚಿಯ ನೆರವು ಬೇಡ. ರೋಮನರಿಗೆ ಮುತ್ತು ಹೇಗೋ ಭಾರತೀಯರಿಗೆ ಹವಳ ಹಾಗೆ ಪ್ರಿಯವೆಂದು 1ನೆಯ ಶತಮಾನದ ಪ್ಲಿನಿ ಬರೆದಿರುವುದು ಈ ಕೆಂಪು ಹವಳದ ಮಾತೇ.

ತೊಟ್ಟಿಯ ಹವಳಗಳನ್ನು ಸಾಕುವವರು ಮೂರು ಬಗೆಯಾಗಿ ಎಣಿಸುತ್ತಾರೆ. ಮೊದಲನೆಯದು ಮೆತ್ತನೆಯ ಹವಳ. ಅಣಬೆಯಂತೆ, ತೊಗಲಿನಂತೆ, ಗುಂಡಿಯಂತೆ ಕಾಣುವ ಇವು ಸಾಧಾರಣ ಬೆಳಕಿನಲ್ಲೂ ಮಂದವಾದ ಹರಿವಿನಲ್ಲೂ ಬದುಕಬಲ್ಲವು. ಆದರೆ ಗುಂಡಿ ಹವಳಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ಘೋರ ವಿಷವುಂಟು. ಬರಿಗೈಯಲ್ಲಿ ಮುಟ್ಟುವುದಾಗಲಿ, ಅವು ಅಂಟಿದ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವುದಾಗಲಿ ಸಲ್ಲದು. ಆ ಹಬೆ ಮನೆಮಂದಿಯನ್ನೆಲ್ಲ ಹಾಸಿಗೆ ಹಿಡಿಸಬಹುದು. ಎರಡನೆಯದು ದೊಡ್ಡ ಪಾಲಿಪ್ಪಿನ ಕಲ್ಲುಹವಳ. ಮಿದುಳಿನ ಆಕಾರದ್ದು, ಸುತ್ತಿಗೆಯ ಆಕಾರದ್ದು ಈ ಗುಂಪಿಗೆ ಸೇರುತ್ತವೆ. ಇವಕ್ಕೆ ಮಧ್ಯಮ ಬೆಳಕು ಸಾಕು. ಆದರೆ ಇವುಗಳಲ್ಲಿ ಹಲವು ರಾತ್ರಿಯಲ್ಲಿ ಉದ್ದನೆಯ ಎಳೆಗಳನ್ನು ಚಾಚಿ ನೆರೆಯ ಹವಳವನ್ನು ಕುಟುಕುತ್ತವೆ. ಆದಕಾರಣ ನಡುವೆ ಗೇಣುದ್ದ ಜಾಗ ಬಿಡಬೇಕು. ಮೂರನೆಯದು ಸಣ್ಣ ಪಾಲಿಪ್ಪಿನ ಕಲ್ಲುಹವಳ. ಜಿಂಕೆಯ ಕೊಂಬಿನಂತೆ ಕವಲೊಡೆಯುವ ಅಕ್ರೊಪೊರಾ ಇದಕ್ಕೆ ನಿದರ್ಶನ. ಪ್ರಖರ ಬೆಳಕು, ದಿಕ್ಕು ಬದಲಿಸುವ ಬಿರುಸಾದ ಹರಿವು, ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ, ಕಲ್ಮಷವಿಲ್ಲದ ನೀರು, ಇಷ್ಟೂ ಇದಕ್ಕೆ ಬೇಕು. ಇದರಲ್ಲಿ ಒಂದು ತಪ್ಪಿದರೂ ಅದು ಬಿಳಿಚಿಕೊಳ್ಳುತ್ತದೆ.

ಒಂದು ಮಾತಿನಲ್ಲಿ ಹೇಳುವುದಾದರೆ, ಹವಳವನ್ನು ಸಾಕುವುದೆಂದರೆ ನೀರನ್ನು ಸಾಕುವುದು. ಲೀಟರಿಗೆ 35 ಗ್ರಾಂ ಉಪ್ಪಿನ ನೀರು, 24ರಿಂದ 27 ಡಿಗ್ರಿ ಉಷ್ಣತೆ, ಇವು ಹಗಲಿರುಳೂ ಬದಲಾಗದೆ ಇರಬೇಕು. ಅಡುಗೆಯ ಉಪ್ಪು ಇದಕ್ಕೆ ಸಾಲದು. ಸಮುದ್ರದ ಲವಣಗಳೆಲ್ಲ ಬೆರೆತ ಉಪ್ಪೇ ಆಗಬೇಕು. ಕೊಳವೆಬಾವಿಯ ಗಡಸು ನೀರನ್ನು ಸುರಿದರೆ ತೊಟ್ಟಿಯಲ್ಲಿ ಬೇಡದ ಪಾಚಿ ಹಬ್ಬೀತು. ಶುದ್ಧೀಕರಿಸಿದ ನೀರಿನಲ್ಲೇ ಉಪ್ಪನ್ನು ಕರಗಿಸಬೇಕು. ತಾಮ್ರದ ಹಂಡೆಯಲ್ಲಿಟ್ಟ ನೀರು ಮನುಷ್ಯರಿಗೆ ಹಿತವೆನ್ನುತ್ತಾರೆ. ಹವಳಕ್ಕೆ ತಾಮ್ರವು ಮೃತ್ಯು. ನೀರು ಆವಿಯಾದಾಗ ಉಪ್ಪು ಹಿಂದೆಯೇ ಉಳಿಯುವುದರಿಂದ, ತಗ್ಗಿದಷ್ಟು ಸಿಹಿನೀರನ್ನೇ ತುಂಬಬೇಕು. ಹೊಸ ತೊಟ್ಟಿಯ ಕಲ್ಮಷವನ್ನು ಅರಗಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು 4ರಿಂದ 6 ವಾರ ಬೇಕು. ಅಷ್ಟು ತಾಳ್ಮೆಯಿಲ್ಲದವರು ಈ ಹವ್ಯಾಸಕ್ಕೆ ಕೈಹಾಕದಿರುವುದೇ ಲೇಸು.

ಇನ್ನು ಬಯಲುಸೀಮೆಯ ಬೇಸಿಗೆ. ಏಪ್ರಿಲ್ ತಿಂಗಳ ಮಧ್ಯಾಹ್ನ 35 ಡಿಗ್ರಿಯನ್ನು ಮೀರುವ ಊರಿನಲ್ಲಿ ತೊಟ್ಟಿಯ ನೀರನ್ನು ತಣ್ಣಗಿಡುವ ಯಂತ್ರವಿಲ್ಲದೆ ಹವಳ ಉಳಿಯದು. ಸಮುದ್ರದಲ್ಲಿಯೇ ನೀರು ವಾಡಿಕೆಯ ಬೇಸಿಗೆಗಿಂತ ಒಂದೇ ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೆಯೇ ನಿಂತರೆ ಹವಳವು ತನ್ನ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳದ ದಿಬ್ಬಗಳು ಹೀಗೆಯೇ ನರಳಿದವು. ನಾಲ್ಕು ಗಂಟೆ ವಿದ್ಯುತ್ತು ಹೋಗಿ ಪಂಪು ನಿಂತರೆ ಪುಟ್ಟ ತೊಟ್ಟಿಯಲ್ಲಿ ಉಸಿರಿಗೂ ತತ್ವಾರ. ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಇಲ್ಲದ ಮನೆಯಲ್ಲಿ ವರ್ಷದ ಆರೈಕೆ ಒಂದು ರಾತ್ರಿಯಲ್ಲಿ ಮಣ್ಣುಪಾಲಾಗಬಹುದು.

ಇವೆಲ್ಲಕ್ಕೂ ಮಿಗಿಲಾದ ಮಾತೊಂದುಂಟು. ರಾಣೇಬೆನ್ನೂರಿನವರಿಗೆ ಕೃಷ್ಣಮೃಗ ಗೊತ್ತು. 1974ರಲ್ಲಿ ಅದಕ್ಕಾಗಿಯೇ ಅಲ್ಲಿ ಅಭಯಾರಣ್ಯವಾಯಿತು. ಆ ಮೃಗವನ್ನು ಹಿಡಿತಂದು ಹಿತ್ತಲಿನಲ್ಲಿ ಕಟ್ಟುವ ಸಾಹಸಕ್ಕೆ ಯಾರೂ ಹೋಗುವುದಿಲ್ಲ. ಆದರೆ ಅದನ್ನು ಕಾಯುವ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅದೇ ಮೊದಲ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಕಲ್ಲುಹವಳ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರದ ಬೀಸಣಿಗೆಗಳನ್ನು ಸೇರಿಸಲಾಯಿತೆಂಬುದು ಎಷ್ಟು ಮಂದಿಗೆ ತಿಳಿದಿದೆ? ನಮ್ಮ ಕಡಲಿನಿಂದ ಅವನ್ನು ಕಿತ್ತು ತರುವುದು, ಮಾರುವುದು, ಕೊಳ್ಳುವುದು ಅಪರಾಧ. ಸತ್ತ ತುಂಡನ್ನು ಅಲಂಕಾರಕ್ಕೆಂದು ಇಡುವುದೂ ಆ ಕಾಯಿದೆಯ ಹೊರಗಿನದಲ್ಲ. ಉಳಿದ ಬಗೆಗಳನ್ನು ಕೊಳ್ಳುವ ಮುನ್ನವೂ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು, ಮಾರುವವನಿಂದ ಕಾಗದಪತ್ರ ಕೇಳಿ ಪಡೆಯುವುದು ಜಾಣತನ. ಕಾಗದ ಕೊಡದ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗಿದರೆ ನಷ್ಟವೇನೂ ಇಲ್ಲ.

ಹಾಗಾದರೆ ಮಕ್ಕಳ ಆಸೆಗೆ ದಾರಿಯೇನು? ಸಿಹಿನೀರಿನ ತೊಟ್ಟಿ, ಅದರಲ್ಲಿ ನೀರುಗಿಡಗಳು, ಕರಿಗಲ್ಲಿನ ನಾಲ್ಕು ತುಂಡುಗಳು, ಚುರುಕಾದ ಒಂದು ಹಿಂಡು ಮೀನು: ಇದು ಮನೆಗೂ ಚೆಂದ, ಕಿಸೆಗೂ ಹಗುರ. ಜೀವಂತ ಹವಳವನ್ನೇ ಕಾಣಬೇಕೆಂದರೆ ದೂರವೇನೂ ಹೋಗಬೇಕಾಗಿಲ್ಲ. ಮುರ್ಡೇಶ್ವರದ ಕಡಲಿನಲ್ಲಿ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಮಳೆಗಾಲ ಕಳೆದು ಸಮುದ್ರ ಶಾಂತವಾದಾಗ, ತರಬೇತಾದವರ ಜೊತೆ ನೀರಿಗಿಳಿದು ನೋಡಬಹುದು. ಕಣ್ಣಿಂದ ನೋಡಬೇಕು, ಕೈಯಿಂದ ಮುಟ್ಟಬಾರದು.

ಮನೆಯಲ್ಲಿ ಆರೈಕೆ ಬೇಡುವ ಹವಳ ಈಗಾಗಲೇ ಒಂದುಂಟು: ಅಜ್ಜಿಯ ಸರ. ಅದೂ ಸುಣ್ಣದ್ದೇ ಆದುದರಿಂದ ಹುಣಿಸೆ, ನಿಂಬೆಗಳ ಹುಳಿ ತಾಗಿದರೆ ಹೊಳಪು ಕಳೆದುಕೊಳ್ಳುತ್ತದೆ. ಪಾತ್ರೆ ತಿಕ್ಕುವಾಗ ಅದನ್ನು ತೆಗೆದಿಟ್ಟು, ಒದ್ದೆ ಬಟ್ಟೆಯಿಂದ ಮೆಲ್ಲನೆ ಒರೆಸಿ, ಬೇರೆ ಒಡವೆಗಳು ಉಜ್ಜದಂತೆ ಮೆತ್ತನೆಯ ಅರಿವೆಯಲ್ಲಿ ಸುತ್ತಿಡುವ ಕೆಲಸವನ್ನು ಮೊಮ್ಮಕ್ಕಳಿಗೇ ವಹಿಸಬಹುದು.